ಒದ್ದೆ ಇರುವಾಗಲೇ ಇಸ್ತ್ರಿ

ಫಾಯಿಲ್ ಡಬ್ಬಿಗಳ ಅಂಚು ಮಡಚುವ ಸದ್ದು. ಕರ್ರ್, ಕರ್ರ್, ಕರ್ರ್. ಕೊಲ್ಲಿ ದೇಶದ ರಿಗ್ಗೈಯಲ್ಲಿ ನಮ್ಮ ಮೂರನೇ ಮಹಡಿಯ ಫ್ಲ್ಯಾಟಿನ ಹಾಲ್‌ನಲ್ಲಿ ಹತ್ತು ಹನ್ನೆರಡು ಹೆಂಗಸರು ಹಳೆಯ ಬೆಡ್‌ಶೀಟ್ ಹಾಸಿಕೊಂಡು ಕುಳಿತು, ಬಿಸಿ ಅನ್ನ ತುಂಬಿದ ಡಬ್ಬಿಗಳಿಗೆ ಮುಚ್ಚಳ ಒತ್ತಿ ಅಂಚು ಮಡಚುತ್ತಿದ್ದೆವು. ಈಗಲೂ ಮಗಳು ಹೋಟೆಲಿನಿಂದ ಊಟ ತರಿಸಿ ಡಬ್ಬಿ ಬಿಚ್ಚುವಾಗ ನಾನು ಏನಾದರೂ ನೆವ ಹೇಳಿ ಅಡುಗೆಮನೆಗೆ ಹೋಗಿಬಿಡುತ್ತೇನೆ.

ಧೂಳುಗಾಳಿ ನಮಗೆ ಹೊಸದಲ್ಲ. ಆ ವರ್ಷ ಬಂದದ್ದು ಬೇರೆ. ಒಂದಿಡೀ ರಾತ್ರಿ, ಒಂದಿಡೀ ಹಗಲು ಗಾಳಿ, ಮಳೆ. ಮೊಮ್ಮಗಳು ಕಿಟಕಿಗೆ ಮೂಗು ಒತ್ತಿ "ಗ್ರ್ಯಾನೀ, ಇಟ್ಸ್ ಅ ಹರಿಕೇನ್" ಎಂದಳು. ಟೆಕ್ನಿಕಲೀ ಅದನ್ನು ಹಾಗೆ ಕರೆಯುವುದಿಲ್ಲ ಎಂದು ಅಳಿಯ ತಿದ್ದಿದ. ಟೆಕ್ನಿಕಲೀ ಏನೇ ಇರಲಿ, ಅಬು ಹಲೀಫಾದ ಹಳೆಯ ಕಟ್ಟಡಗಳ ಕೆಳಮಹಡಿಯಲ್ಲಿ, ಒಂದೊಂದು ರೂಮಿಗೆ ಎಂಟೆಂಟು ಜನರಂತೆ ಇದ್ದ ಕೆಲಸಗಾರರ ಹಾಸಿಗೆ, ಸ್ಟವ್, ಅಕ್ಕಿ ಎಲ್ಲವೂ ನೀರುಪಾಲಾಗಿದ್ದವು.

ಎದುರು ಫ್ಲ್ಯಾಟಿನ ನರ್ಸ್ ನಮ್ಮ ಕರಾವಳಿಯವಳೇ. ಮರುದಿನ ಬೆಳಿಗ್ಗೆ ಬಾಗಿಲು ತಟ್ಟಿ, "ಆಂಟಿ, ನಿಮ್ಮ ಹಾಲ್ ದೊಡ್ಡದುಂಟಲ್ಲ, ಪ್ಯಾಕಿಂಗ್ ಇಲ್ಲೇ ಮಾಡುವ" ಎಂದಳು. ಅದು ಕೇಳುವ ಧಾಟಿಯಲ್ಲ. ಯಾರ ಮನೆಯಲ್ಲಿ ಅನ್ನ, ಯಾರ ಮನೆಯಲ್ಲಿ ಸಾರು ಎಂದು ಆಗಲೇ ಹಂಚಿ ಬಂದಿದ್ದಳು.

ಡಬ್ಬಿಗಳನ್ನು ಒಯ್ಯಲು ಒಬ್ಬ ವೆಲ್ಡರ್ ಬರುತ್ತಿದ್ದ. ವಿಜಯಪುರದ ಕಡೆಯವನು, ನಲವತ್ತರ ಆಸುಪಾಸು. ಅವನ ರೂಮಿಗೂ ನೀರು ನುಗ್ಗಿತ್ತು. ಆದರೂ ಕಂಪನಿಯ ಪಿಕಪ್ ಕೇಳಿ ಪಡೆದು, ನಮ್ಮ ಲಿಫ್ಟ್ ಕೆಟ್ಟಿದ್ದರಿಂದ ಮೂರು ಮಹಡಿ ಹತ್ತಿ ಇಳಿದು, ತನ್ನವರಿಗೆಲ್ಲ ಊಟ ಮುಟ್ಟಿಸುತ್ತಿದ್ದ. ಮೊದಲ ದಿನ ನಾವು ನಮ್ಮ ರೂಢಿಯಂತೆ ಕುಚ್ಚಲಕ್ಕಿ ಅನ್ನ ಕಳಿಸಿದ್ದೆವು. ಮರುದಿನ ಬಂದವನೇ ಚಪ್ಪಲಿ ಬಿಡುತ್ತ, "ಬಾಯಾರ, ನಿಮ್ಮ ಕಡೆ ಅಕ್ಕಿ ಬೇಯಸ್ತಾರೋ, ಹಂಗಽ ಬಿಸಿ ಮಾಡ್ತಾರೋ?" ಎಂದ.

"ಕುಚ್ಚಲಕ್ಕಿ ತಿಂದವರಿಗೆ ಶಕ್ತಿ ಬರ್ತದೆ ಮಾರಾಯ್ರೆ" ಎಂದಳು ನರ್ಸ್.

"ಶಕ್ತಿ ಬರ್ಲಿಕ್ಕಂತ ನಮ್ಮ ಮಂದಿ ಅದನ್ನ ಅಗಿಯಾಕತ್ತಾರ್ರಿ, ಇನ್ನಾ ಮುಗದಿಲ್ಲ."

ಇಡೀ ಹಾಲ್ ನಕ್ಕಿತು. ಅಂದಿನಿಂದ ಬೆಳ್ತಿಗೆ ಅಕ್ಕಿಯ ಮೆತ್ತನೆ ಬಿಳಿ ಅನ್ನ, ಚಪಾತಿ.

ಗುರುವಾರ ಮಧ್ಯಾಹ್ನ ಅವನು ಅಂಗಿಯೊಳಗಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದು ನನ್ನ ಕೈಗಿತ್ತ. ಒಳಗೆ ಪಾಸ್‌ಪೋರ್ಟ್ ಇತ್ತು. "ಇದನ್ನ ನಿಮ್ಮ ಮನ್ಯಾಗ ಒಣಗಾಕ ಇಡ್ತೀರೇನ್ರಿ? ನಮ್ಮಲ್ಲಿ ಗ್ವಾಡೀನೂ ಹಸಿ ಅದಾವ." ಊರಲ್ಲಿ ತಾಯಿಗೆ ಪಾರ್ಶ್ವವಾಯು ಹೊಡೆದಿತ್ತು. ಮಾತು ನಿಂತು, ಅವನ ಹೆಸರೊಂದು ಮಾತ್ರ ಬಾಯಲ್ಲಿ ಉಳಿದಿತ್ತಂತೆ. ರಜೆ ಮಂಜೂರಾಗಿ, ಬಿರುಗಾಳಿಯ ಹಿಂದಿನ ದಿನವಷ್ಟೇ ಕಂಪನಿ ತಾನಿಟ್ಟುಕೊಂಡಿದ್ದ ಪಾಸ್‌ಪೋರ್ಟ್ ಕೈಗೆ ಕೊಟ್ಟಿತ್ತು. ದಿಂಬಿನ ಕೆಳಗಿಟ್ಟಿದ್ದ, ದಿಂಬೇ ತೇಲಿತು. ಶನಿವಾರದ ಟಿಕೆಟ್.

ಫ್ಯಾನಿನ ಕೆಳಗೆ ಹರಡಿಟ್ಟಿದ್ದರೆ ಸಾಕಿತ್ತು. ಆದರೆ ನಾನು ಕಾನ್ವೆಂಟಿನಲ್ಲಿ ಬೆಳೆದವಳು. ಚರ್ಚಿನ ಪೀಠದ ಮೇಲೆ ಹಾಸುವ ಬಟ್ಟೆಗಳ ಇಸ್ತ್ರಿಯನ್ನು ನಮಗೆ ಕಲಿಸಿದ ಸಿಸ್ಟರ್ ಹೇಳುತ್ತಿದ್ದರು: "ನೆವರ್ ವೆಯ್ಟ್ ಟಿಲ್ ಇಟ್ಸ್ ಡ್ರೈ, ಗರ್ಲ್ಸ್." ಒದ್ದೆ ಇರುವಾಗಲೇ, ಮೇಲೊಂದು ಬಿಳಿ ಕರವಸ್ತ್ರ ಹಾಸಿ, ಹಗುರವಾಗಿ ಒತ್ತಬೇಕು. ಮದುವೆಯಾಗಿ ಈ ದೇಶಕ್ಕೆ ಬಂದ ಮೇಲೂ ಚರ್ಚಿನ ಬಟ್ಟೆಗಳು ಇಸ್ತ್ರಿಗೆ ನನ್ನ ಮನೆಗೇ ಬರುತ್ತಿದ್ದವು. ನನ್ನ ಕೈಯ ಮೇಲೆ ನನಗೆ ಅಷ್ಟು ನಂಬಿಕೆ.

ವೀಸಾ ಹಾಳೆಗಳನ್ನು ಒಂದೊಂದಾಗಿ ಒತ್ತಿದೆ. ಗರಿಗರಿಯಾಗಿ ಬಂದವು. ನನಗೇ ಖುಷಿಯಾಯಿತು. ಕೊನೆಗೆ ಫೋಟೋ ಇದ್ದ ಹಾಳೆ. ಅದರ ಪ್ಲಾಸ್ಟಿಕ್ಕಿನ ಹಿಂದೆ ಅವನು ಮೀಸೆ ತೀಡಿಕೊಂಡು ನೆಟ್ಟಗೆ ನೋಡುತ್ತಿದ್ದ. ಅಕ್ಷರ, ಮುಖ ಯಾವುದಕ್ಕೂ ನೀರು ಏನೂ ಮಾಡಿರಲಿಲ್ಲ. ಅದನ್ನು ನಾನು ಕಣ್ಣಾರೆ ನೋಡಿದೆ, ನೋಡಿಯೂ ಒತ್ತಿದೆ. ಕರವಸ್ತ್ರ ಎತ್ತಿದಾಗ ಪ್ಲಾಸ್ಟಿಕ್ ಕಾಸಿದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತ್ತು. ಅವನ ಮುಖ ಒಂದು ಪಕ್ಕಕ್ಕೆ ಜಾರಿತ್ತು.

ನರ್ಸ್ ಓಡಿ ಬಂದು ನೋಡಿದಳು. ಕಿಟಕಿ ತೆರೆದಳು. "ಆಂಟಿ, ನೀವು ಮಾತಾಡ್ಬೇಡಿ. ನೀರಿಂದ ಹೀಗಾಯ್ತು ಅಂತ ನಾನೇ ಹೇಳ್ತೇನೆ. ಈ ವಯಸ್ಸಲ್ಲಿ ನಿಮಗೆ ಯಾಕೆ ಇದೆಲ್ಲ?"

ನಾನು ತಲೆಯಾಡಿಸಿದೆ. ಗಾಡ್ ಫರ್ಗಿವ್ ಮಿ, ತಲೆಯಾಡಿಸಿದೆ.

ಸಂಜೆ ಬಂದ ಅವನಿಗೆ ನರ್ಸ್ ಹಾಗೆಯೇ ಹೇಳಿದಳು. ಅವನು ಆ ಹಾಳೆಯನ್ನು ಮುಖದ ಹತ್ತಿರ ಹಿಡಿದು ತುಸು ಹೊತ್ತು ನಿಂತ. ಕಣ್ಣು ಮಂಜಾಗಿರಬೇಕು ಎಂದುಕೊಂಡೆ. "ಹೌದ್ರಿ, ನೀರು ಭಾಳ ಕೆಟ್ಟದ್ದು" ಎಂದು ಡಬ್ಬಿಗಳನ್ನು ಎತ್ತಿಕೊಂಡು ಇಳಿದ.

ಶುಕ್ರವಾರ, ಶನಿವಾರ ಎಂಬಸಿಗೆ ರಜೆ. ಶುಕ್ರವಾರವೂ ಅವನು ಊಟ ಒಯ್ಯಲು ಬಂದ. ಇಲ್ಲಿ ವಾರದ ಪೂಜೆ ಶುಕ್ರವಾರವೇ; ಅಂದು ನಾನು ಚರ್ಚಿನಲ್ಲಿ ಕಮ್ಯೂನಿಯನ್ ಪ್ರಸಾದಕ್ಕೆ ಏಳಲಿಲ್ಲ. ಪಕ್ಕದವರಿಗೆ ಮೊಣಕಾಲು ನೋವೆಂದೆ. ಶನಿವಾರ ವಿಮಾನ ನಿಲ್ದಾಣದ ಕೌಂಟರಿನಿಂದ ಅವನನ್ನು ವಾಪಸ್ ಕಳಿಸಿದರು. ಭಾನುವಾರ ಎಂಬಸಿ ತೆರೆಯಿತು. ಊರಿಗೆ ಹೋಗಲಷ್ಟೇ ಸಾಲುವ ಒಂದು ತುರ್ತು ಕಾಗದ ಕೊಡುತ್ತೇವೆ, ಎರಡು ದಿನ ಬೇಕು ಎಂದರಂತೆ. ಆ ಸಂಜೆಯೇ ಊರಿನಿಂದ ಫೋನ್ ಬಂತು. ಸೋಮವಾರ ಮಧ್ಯಾಹ್ನಕ್ಕೆ ಮಣ್ಣು ಮಾಡಿದರು.

ಮಂಗಳವಾರ ಹನ್ನೆರಡರ ಹೊತ್ತಿಗೆ ಹೇಳಿ ಹೋಗಲು ಬಂದ. ಕೈಯಲ್ಲಿ ಎಂಬಸಿಯ ಕಾಗದವಿದ್ದ ಕವರ್. ಹಾಲ್‌ನಲ್ಲಿ ನಾನೊಬ್ಬಳೇ ಇದ್ದೆ. ಕೂರಿಸಿ ಅನ್ನ ಬಡಿಸಿದೆ. ಅವನು ತಿಂದು ಮುಗಿಸುವವರೆಗೂ ಧೈರ್ಯ ಬರಲಿಲ್ಲ. ಕೈ ತೊಳೆದು ಬಂದ ಮೇಲೆ ಹೇಳಿದೆ: "ನೀರಿಂದ ಆದದ್ದಲ್ಲಪ್ಪ ಅದು. ನಾನು ಇಸ್ತ್ರಿ ಮಾಡಿದೆ."

ಅವನು ಟವೆಲಿನಲ್ಲಿ ಬೆರಳು ಒರೆಸಿಕೊಳ್ಳುತ್ತ ನಿಂತಿದ್ದ.

"ನಾ ವೆಲ್ಡರ್ ಅದೀನ್ರಿ ಬಾಯಾರ. ಸುಟ್ಟದ್ದ್ಯಾವುದು, ನೆನದದ್ದ್ಯಾವುದು ನನಗ ತಿಳಿಯೂದಿಲ್ಲೇನ್ರಿ? ಅವತ್ತಽ ವಾಸನಿ ಬಂದಿತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ನಮ್ಮ ಮಂದಿಗೆಲ್ಲ ಉಣಸಾಕತ್ತಿದ್ರಿ. ಏನಂತ ಅನ್ಲಿ?" ಆಮೇಲೆ ನನ್ನ ಕಡೆ ನೋಡದೆ, "ನೀವಽ ಹೇಳ್ತೀರೇನೋ ಅಂತ ದಿನಾ ನೋಡ್ತಿದ್ದೆ" ಎಂದ.

ಶುಕ್ರವಾರ ಅವನು ಡಬ್ಬಿಗಳನ್ನು ಎತ್ತಿಕೊಂಡ ಮೇಲೂ ಬಾಗಿಲಲ್ಲಿ ಒಂದು ಗಳಿಗೆ ನಿಂತಿದ್ದು ಆಗ ನೆನಪಾಯಿತು. ನಾನು ಸಾರಿನ ಪಾತ್ರೆ ನೋಡುವ ಹಾಗೆ ಒಳಗೆ ಹೋಗಿದ್ದೆ.

ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ. ನನಗೂ ಕೇಳುವ ಬಾಯಿರಲಿಲ್ಲ. "ಬರ್ತೀನ್ರಿ" ಎಂದು ಚಪ್ಪಲಿ ಮೆಟ್ಟಿಕೊಂಡ. ಆ ತುರ್ತು ಕಾಗದದ ಮೇಲೆ ಹೋದವನು ಹೊಸ ಪಾಸ್‌ಪೋರ್ಟ್ ಮಾಡಿಸಿ ಮತ್ತೆ ಈ ಕಡೆ ಬಂದನೋ ಇಲ್ಲವೋ, ನನಗೆ ತಿಳಿಯಲಿಲ್ಲ.

ಬಾಲ್ಕನಿಗೆ ಹೋಗಿ ನೋಡಿದೆ. ಅವನು ಬಸ್‌ಸ್ಟಾಪಿನಲ್ಲಿ ನಿಂತಿದ್ದ. ರಸ್ತೆ ಒಣಗಿ ಬೆಳ್ಳಗಾಗಿತ್ತು, ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಆದರೂ ಅವನು ಆ ಕವರನ್ನು ಅಂಗಿಯೊಳಗೆ ತೂರಿಸಿ, ಮೇಲಿನಿಂದ ಎರಡೂ ಕೈಗಳಿಂದ ಒತ್ತಿ ಹಿಡಿದುಕೊಂಡಿದ್ದ. ಬಸ್ಸು ಬಂದಾಗ ಹತ್ತಲು ಒಂದು ಕೈಯನ್ನಷ್ಟೇ ತೆಗೆದ.