ಉಪ್ಪುಗಾಳಿಯ ಮೇಲೆ ಹೊರಿಸಿದ ಆರೋಪ

ರೇಡಿಯೋ ರಿಪೇರಿಯವರು ಕೆಲಸಕ್ಕೆ ಕೂತರೆ ಎಡಗೈ ತಾನಾಗಿ ಬೆನ್ನ ಹಿಂದೆ ಹೋಗಿ ಪಂಚೆಯ ಕಟ್ಟಿಗೆ ಸಿಕ್ಕಿಕೊಳ್ಳುತ್ತಿತ್ತು. ಬಿಚ್ಚಿದ ರೇಡಿಯೋವನ್ನು ಬಲಗೈಯೊಂದೇ ವಿಚಾರಿಸಿಕೊಳ್ಳಬೇಕು. ಕೇಳಿದರೆ, "ಕರೆಂಟಿಗೆ ಎರಡು ಕೈ ಕೊಡಬಾರದು ಮಾರಾಯ್ರೆ. ಒಂದರಲ್ಲಿ ಹತ್ತಿ ಇನ್ನೊಂದರಲ್ಲಿ ಇಳೀತದೆ. ನಡುವೆ ಎದೆ ಉಂಟು" ಎನ್ನುತ್ತಿದ್ದರು.

ಬಂದರಿನಲ್ಲಿ ನಮ್ಮ ಒಣಮೆಣಸಿನ ಮಂಡಿಯ ಎದುರೇ ಅವರ ರಿಪೇರಿ ಅಂಗಡಿ. ಸುಳ್ಳು ಹೇಳಿ ಗಿರಾಕಿಯನ್ನು ಸಂತೋಷಪಡಿಸುವ ವಿದ್ಯೆ ಅವರಿಗೆ ಬರುತ್ತಿರಲಿಲ್ಲ. ಒಮ್ಮೆ ಒಬ್ಬ ವಕೀಲರಿಗೆ ನಾಲ್ಕು ಜನರ ಮುಂದೆಯೇ, "ರೇಡಿಯೋ ಸರಿ ಉಂಟು. ಸೆಲ್ ಉಲ್ಟಾ ಹಾಕಿದ್ದು ನೀವೇ" ಎಂದು ತೀರ್ಪು ಕೊಟ್ಟಿದ್ದರು.

ಎಂಬತ್ತರ ದಶಕದ ಕೊನೆಗೆ ನಮ್ಮ ಮಂಡಿಗೆ ಕಂಪ್ಯೂಟರ್ ಬಂತು. ಮಾಲೀಕರಾದ ಧನಿಗಳ ಕಿವಿ ಊದಿ ತರಿಸಿದವನು ನಾನು. ಅದರ ಪುಣ್ಯದಿಂದ ಗೋದಾಮಿನ ಮೆಣಸಿನ ಘಾಟಿನಿಂದ ಫ್ಯಾನಿನ ಕೆಳಗಿನ ಕುರ್ಚಿಗೆ ಬಡ್ತಿ ಪಡೆದಿದ್ದೆ. ಆಯುಧಪೂಜೆಯ ಮರುದಿನ ಕಂಪ್ಯೂಟರ್ ಏಳಲಿಲ್ಲ. ದೀಪವಿಲ್ಲ, ಸದ್ದಿಲ್ಲ. ಮಾರಿದವರು ಬಂದು ನೋಡಿ, ಒಳಗಿನ ಬೋರ್ಡೇ ಹೋಗಿದೆ ಎಂದು ಮರಣಪತ್ರ ಬರೆದರು.

"ನಾಳೆ ಅದು ಏಳದಿದ್ದರೆ ನೀವು ಪುನಃ ಗೋದಾಮಿಗೆ" ಎಂದರು ಧನಿಗಳು.

ನಾನು ರಸ್ತೆ ದಾಟಿ ರೇಡಿಯೋದವರನ್ನು ಕರೆತಂದೆ. ಎಲ್ಲರೂ ಕಂಪ್ಯೂಟರಿನ ಪೆಟ್ಟಿಗೆಯನ್ನು ನೋಡುತ್ತಿದ್ದರೆ ಅವರು ಗೋಡೆಯನ್ನು ನೋಡಿದರು. ಚೀಲದಿಂದ ಎರಡು ವಯರಿನ ಬಲ್ಬು ತೆಗೆದು ಪ್ಲಗ್ಗಿಗೆ ಹಿಡಿದರು, ಉರಿಯಿತು. ಸ್ಟೆಬಿಲೈಜರಿಗೆ ಹಿಡಿದರು, ಉರಿಯಿತು. ಪೆಟ್ಟಿಗೆಗೆ ಹೋಗುವ ವಯರಿನ ತುದಿಯಲ್ಲೂ ಉರಿಯಿತು.

"ಕರೆಂಟ್ ಜಗಲಿವರೆಗೆ ಬಂದು ನಿಂತಿದೆ. ಬಾಗಿಲು ತೆಗೆಯುವವರಿಲ್ಲ."

ಪ್ಲಗ್ ಕಿತ್ತು, ಒಳಗೆ ಉಳಿದ ಕರೆಂಟ್ ಇಳಿಯಲೆಂದು ಒಂದು ಚಹಾದಷ್ಟು ಹೊತ್ತು ಸುಮ್ಮನೆ ಕೂತರು. ಆಮೇಲೆ ಬದಿಯ ಕೆಂಪು ಸ್ವಿಚ್ಚನ್ನು ಬಿಚ್ಚಿ ಉಗುರಿನಿಂದ ಕೆರೆದರು. ಹಳದಿ ಹೊಟ್ಟು ಉದುರಿತು. ಮೂಸಿದರು. ನನ್ನನ್ನು ನೋಡಿದರು.

ಗಂಧ. ಪೂಜೆಯ ದಿನ ತಕ್ಕಡಿಗೆ, ಲಾರಿಗೆ ಒಂದೊಂದು ಬೊಟ್ಟು ಇಟ್ಟವನು, ಕುರ್ಚಿ ಕೊಟ್ಟ ದೈವವೆಂದು ಕಂಪ್ಯೂಟರಿಗೆ ಮಾತ್ರ ನೀರುನೀರಾಗಿ ಧಾರಾಳ ಬಳಿದಿದ್ದೆ. ಅದು ಸ್ವಿಚ್ಚಿನೊಳಗೆ ಇಳಿದು ಒಣಗಿತ್ತು. ವಕೀಲರ ಗತಿ ನೆನಪಾಗಿ ನಾನು ಗೋದಾಮಿನ ಬಾಗಿಲು ನೋಡಿದೆ.

"ಎಂತ ಆದದ್ದು?" ಧನಿಗಳು ಕೇಳಿದರು.

"ಬಂದರಿನ ಗಾಳಿ, ಧನಿ. ಉಪ್ಪು ಹಿಡಿದಿದೆ" ಎಂದರು ರೇಡಿಯೋದವರು.

ಸ್ವಿಚ್ ಒರೆಸಿ ಕೂರಿಸಿದರು. ಕಂಪ್ಯೂಟರ್ ಗುಂಯ್ ಎಂದಿತು. ಅವರ ಚೀಲ ಹಿಡಿದು ಮೆಟ್ಟಿಲವರೆಗೆ ಹೋದೆ. ಅವರೇ ಹೇಳಿದರು: "ಬೈಗುಳ ತಿಂದರೆ ಗಾಳಿಗೆ ಏನೂ ಆಗುವುದಿಲ್ಲ. ನೀವು ಆ ಗೋದಾಮಿನಲ್ಲಿ ಕೆಮ್ಮಿ ಸಾಯ್ತೀರಿ. ಇನ್ನು ಮುಂದೆ ಭಕ್ತಿ ಸ್ವಲ್ಪ ಗಟ್ಟಿ ಇರಲಿ."

ನಾನು ಬಲ್ಲಂತೆ ಅವರು ಹೇಳಿದ ಸುಳ್ಳು ಅದೊಂದೇ. ಆ ಕುರ್ಚಿಯಲ್ಲೇ ನಾನು ನಿವೃತ್ತನಾದೆ.

ಅವರು ತೀರಿಕೊಂಡ ದಿನ ಹೋದಾಗ ಮನೆಯವರು ಅವರ ಎರಡೂ ಕೈಗಳನ್ನು ಜೋಡಿಸಿ ಎದೆಯ ಮೇಲೆ ಇಟ್ಟಿದ್ದರು. ಎಡಗೈಯನ್ನು ನಾನು ಸರಿಯಾಗಿ ನೋಡಿದ್ದು ಅಂದೇ. ಹಣೆಗೆ ಗಂಧ ಇಡಲು ನನ್ನನ್ನೂ ಕರೆದರು. ಬೆರಳ ತುದಿಯಲ್ಲಿ, ನೀರಿಲ್ಲದಂತೆ, ಒಂದೇ ಬೊಟ್ಟು ಇಟ್ಟೆ.