ತೂಬಿನ ಬಳಿ ಕೂತವರು

ಬಾಗಿಲ ಸಂದಿಯಿಂದ ಬೆಲ್ಲದ ವಾಸನೆ ಬಂತು. ಕಂಪ್ಯೂಟರ್ ವಿಭಾಗದ ಕಾರಿಡಾರಿನಲ್ಲಿ ಬರಬೇಕಾದ ವಾಸನೆಯಲ್ಲ ಅದು. ಇಣುಕಿ ನೋಡಿದೆ. ನನ್ನ ಕೋಣೆಯ ಎದುರಿನ ಬೆಂಚಿನ ಮೇಲೆ ಕಂಪ್ಲಿ ಕಡೆಯ ಹೆಣ್ಣುಮಗಳೊಬ್ಬರು ಬಟ್ಟೆಯಲ್ಲಿ ಕಟ್ಟಿದ ಬೆಲ್ಲದಚ್ಚನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನನ್ನ ಕೈಕೆಳಗೆ ಪಿಎಚ್.ಡಿ. ಮಾಡುತ್ತೇನೆಂದು ಕೇಳಿಕೊಂಡ ಹುಡುಗಿಯ ತಾಯಿ. ಹುಡುಗಿಗೆ 'ನೋಡೋಣ' ಎಂದು ಹೇಳಿ ಬಹಳ ದಿನಗಳಾಗಿದ್ದವು. ತಾಯಿಗೆ ಮೀಟಿಂಗಿನಲ್ಲಿದ್ದೇನೆಂದು ಹೇಳಿಸಿ, ಒಂದು ಚಹಾ ಕೊಡಲು ತಿಳಿಸಿದ್ದೆ. ಮೀಟಿಂಗಿನಲ್ಲಿ ಇದ್ದದ್ದು ನಾನು ಮತ್ತು ನನ್ನ ಚಹಾ.

ಬೆಲ್ಲದ ವಾಸನೆಗೆ ಇದೊಂದು ಕೆಟ್ಟ ಗುಣ. ಎಲ್ಲಿದ್ದರೂ ನನ್ನನ್ನು ಹುಲುಗಪ್ಪ ಮಾವನ ಗಾಣಕ್ಕೆ ಎಳೆದೊಯ್ಯುತ್ತದೆ. ಮಾವ ಎಂದರೆ ಅವ್ವನ ಅಣ್ಣ. ಕಂಪ್ಲಿಯ ಹತ್ತಿರ, ಕಾಲುವೆಯ ತೂಬಿನ ಬಾಯಿಗೇ ಅವರ ಗದ್ದೆ. ಭತ್ತ, ಕಬ್ಬು, ಮತ್ತೆ ಭತ್ತ. ನೀರು ಎಂಬುದಕ್ಕೆ ಕೊನೆಯಿದೆಯೆಂದು ಆ ಮನೆಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ಎಂಬತ್ತರ ದಶಕದ ಕೊನೆಯಿರಬೇಕು. ನಾನು ಕಂಪ್ಯೂಟರ್ ಓದಿ ಮುಗಿಸಿ, ಇನ್ನೂ ಓದುತ್ತೇನೆಂದು ಚಿತ್ತವಾಡ್ಗಿಯ ನಮ್ಮ ಮನೆಯಲ್ಲಿ ಹಟ ಹಿಡಿದಿದ್ದೆ. ಅಪ್ಪನ ತೀರ್ಮಾನ ಸರಳವಾಗಿತ್ತು: "ಸ್ಟೈಪೆಂಡ್ ಸಿಕ್ರ ಓದು. ಕಾಲುವಿ ನೀರು ನಿಲ್ಲೋದ್ರಾಗ ಸಿಗಲಿಲ್ಲಂದ್ರ ಸಂಡೂರಿಗೆ ಹೋಗು." ಸಂಡೂರಿನ ಒಂದು ಗಣಿ ಆಫೀಸಿನವರು ಕಂಪ್ಯೂಟರ್ ತರಿಸಿ, ಧೂಳಿಗೆ ಹೆದರಿ ಅದರ ಮೇಲೆ ಬಟ್ಟೆ ಮುಚ್ಚಿಟ್ಟಿದ್ದರು. ಆ ಬಟ್ಟೆ ತೆಗೆಯಲು ಪದವೀಧರರು ಬೇಕಾಗಿದ್ದರು.

ಸಂಶೋಧನೆಯ ಸೀಟು ಹುಡುಕುವುದು ಗಂಡು ಹುಡುಕಿದ ಹಾಗೆಯೇ. ಒಬ್ಬ ಪ್ರೊಫೆಸರರ ಬಳಿ ಸೀಟಿತ್ತು, ಹಣವಿರಲಿಲ್ಲ. ಇನ್ನೊಬ್ಬರಲ್ಲಿ ಹಣವಿತ್ತು, ಸೀಟು ಅವರ ತಂಗಿಯ ಮಗನಿಗಾಗಿ ಕಾಯುತ್ತಿತ್ತು. ಮತ್ತೊಬ್ಬರಲ್ಲಿ ಎರಡೂ ಇದ್ದವು. ಅವರ ಕಂಪ್ಯೂಟರು ಮಾತ್ರ ಇನ್ನೂ ಹಡಗಿನಿಂದ ಇಳಿದಿರಲಿಲ್ಲ. ನಾನು ಊರೂರಿಗೆ ಅರ್ಜಿ ಹಾಕಿ ಅಂಚೆಯವನ ದಾರಿ ಕಾಯುತ್ತಿದ್ದೆ.

ಇದನ್ನು ಕೇಳಿದ ಮಾವ ಕಬ್ಬಿನ ಹಾಲು ಕುದಿಯುತ್ತಿದ್ದ ಕೊಪ್ಪರಿಗೆಯ ಮುಂದೆ ನಿಂತು ಗಹಗಹಿಸಿ ನಕ್ಕರು. "ಲೇ ಹುಡುಗಿ, ಅರ್ಜಿ ಹಾಕಿದ್ರ ನೀರು ಬರಂಗಿಲ್ಲ. ತೂಬಿನ ಹತ್ರ ಹೋಗಿ ಹಾಸಿಗಿ ಹಾಸ್ಬೇಕು. ನನಗ ಗೊತ್ತೈತಿ."

ಅವರಿಗೆ ಗೊತ್ತಿದ್ದದ್ದು ಹೀಗೆ. ಕಾಲುವೆಯ ಕೊನೆಯ ರೈತರು ನೀರಿಲ್ಲದೆ ಬೇಸತ್ತು ಕಂಬಳಿ, ಬುತ್ತಿ ಕಟ್ಟಿಕೊಂಡು ಬಂದು ಕೂರುತ್ತಿದ್ದುದು ಮಾವನ ಬದುವಿನ ಮೇಲೆಯೇ. ಮಾವ ಅವರಿಗೆ ಮಜ್ಜಿಗೆ ಕೊಡುತ್ತಿದ್ದರು, ಊರಕಡೆಯ ಸುದ್ದಿ ಕೇಳುತ್ತಿದ್ದರು, ಎಲೆ ಅಡಿಕೆ ಮುಂದಿಡುತ್ತಿದ್ದರು. ನೀರು ಮಾತ್ರ ಬಿಡುತ್ತಿರಲಿಲ್ಲ. "ಇರ್ಲಿ ಬಿಡು, ಬೇಕಾದೀತು" ಎನ್ನುತ್ತಿದ್ದರು. ಅವರನ್ನು ಕೆಟ್ಟವರೆಂದು ಯಾರೂ ಅನ್ನಲಿಲ್ಲ. ಮಜ್ಜಿಗೆ ಅಷ್ಟು ಚೆನ್ನಾಗಿರುತ್ತಿತ್ತು.

ಹೀಗೆ ನಾವಿಬ್ಬರೂ ಬಸ್ಸು ಹತ್ತಿ ದೂರದ ಒಂದು ನಗರದ ಲ್ಯಾಬಿಗೆ ಹೋದೆವು. ಆರಿಸಿಕೊಂಡದ್ದು ಸೀಟಿದ್ದು ಹಣವಿಲ್ಲದ ಪ್ರೊಫೆಸರರನ್ನು. ಮಾವ ಅವರನ್ನು ತಿರುಗಿಯೂ ನೋಡಲಿಲ್ಲ. ಕಾಲುವೆಯ ನ್ಯಾಯದಲ್ಲಿ ಸಹಿ ಹಾಕುವವನು ಇಂಜಿನಿಯರು, ತೂಬಿನ ಬಾಗಿಲು ಎತ್ತುವವನು ಲಸ್ಕರ್. ಹಾಗಾಗಿ ಮಾವ ಕಂಪ್ಯೂಟರ್ ಕೋಣೆಯ ಬೀಗದಕೈ ಇಟ್ಟುಕೊಂಡವನನ್ನು ಹುಡುಕಿ ಅವನ ಕೈಗೆ ಬೆಲ್ಲದಚ್ಚು ಇಟ್ಟರು. ಅವನು ಸಂತೋಷದಿಂದ ಬಾಗಿಲು ತೆರೆದ. ಮಾವ ಚಪ್ಪಲಿ ಹೊರಗೆ ಬಿಟ್ಟು, ಒಳಗಿನ ತಣ್ಣನೆಯ ಗಾಳಿಗೆ ಕೈಮುಗಿದು, ಕುರ್ಚಿಯಲ್ಲೇ ನಿದ್ದೆಹೋದರು. ಎಚ್ಚರವಾದಾಗ ಕೇಳಿದರು: "ಸ್ಟೈಪೆಂಡ್ ಯಾವಾಗ ಬಿಡ್ತೀಯಪ?"

"ನನ್ನತ್ರ ಇರೋದು ಬೀಗದಕೈ ಯಜಮಾನ್ರೇ. ದುಡ್ಡು ದಿಲ್ಲೀಲಿದೆ."

ಮಾವ ಆಮೇಲೆ ಕಾರಿಡಾರಿನ ಬೆಂಚಿಗೆ ವಲಸೆ ಬಂದರು. ಕಟಕರೊಟ್ಟಿ, ಶೇಂಗಾ ಚಟ್ನಿಯ ಗಂಟು ಬಿಚ್ಚಿದರು. ಎಷ್ಟು ದಿನ ಕೂತೆವೋ ನನಗೆ ಖಚಿತವಿಲ್ಲ. ಮಾವ ಹೇಳುವಾಗಲೆಲ್ಲ ಒಂದೊಂದು ದಿನ ಹೆಚ್ಚುತ್ತಿತ್ತು, ನಾನೂ ಅದನ್ನೇ ನಂಬುತ್ತ ಬಂದೆ. ಕೊನೆಗೆ ಪ್ರೊಫೆಸರರು ದಾಟಿಹೋಗಲು ನಾಚಿ ಪಕ್ಕದಲ್ಲಿ ಕೂತರು.

"ನಿಮ್ಮ ಹುಡುಗಿ ಜಾಣೆ. ಆದ್ರೆ ನಾನೇ ಪ್ರಾಜೆಕ್ಟ್ ಹಣಕ್ಕೆ ಕಾಯ್ತಿದೀನಿ. ಮೇಲಿನವರು ತಗೊಂಡು ಉಳಿದರೆ ನಮಗೆ."

ಮಾವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ಹೌದೇನ್ರಿ? ಹಂಗಾದ್ರ ನೀವೂ ಕಾಲುವಿ ಕೊನೀಯವ್ರೇ ಬಿಡ್ರಿ! ತಗೋರಿ, ರೊಟ್ಟಿ ತಿನ್ರಿ."

ಕಾಲುವೆಯ ಕೊನೆ ಎಂದರೇನೆಂದು ಪ್ರೊಫೆಸರರು ಕೇಳಿದರು. ಮಾವ ತೂಬು, ಪಾಳಿ, ಜಗಳ ಎಲ್ಲವನ್ನೂ ವಿವರಿಸಿದರು, ತಮ್ಮ ಮಜ್ಜಿಗೆಯನ್ನೊಂದು ಬಿಟ್ಟು. ಕೇಳುತ್ತ ಪ್ರೊಫೆಸರರ ಕಣ್ಣು ಹೊಳೆಯಿತು. ಅದು ಜ್ಞಾನದ ಹೊಳಪೆಂದು ಆಗ ತಿಳಿದಿದ್ದೆ. ಈಗ ಹೊಸ ಪ್ರಾಜೆಕ್ಟಿನ ವಾಸನೆ ಹತ್ತಿದಾಗ ನನ್ನ ಕಣ್ಣೂ ಹಾಗೇ ಹೊಳೆಯುತ್ತದೆಂದು ವಿದ್ಯಾರ್ಥಿಗಳು ಹೇಳುತ್ತಾರೆ.

ಕಾಲುವೆ ನೀರನ್ನು ಕಂಪ್ಯೂಟರಿನಿಂದ ಹಂಚುವ ಯೋಜನೆಯೊಂದು ತಯಾರಾಯಿತು. ಪ್ರೊಫೆಸರರು ಸ್ಥಳ ಪರಿಶೀಲನೆಗೆ ಬಂದರು. ಹಂಪಿಯನ್ನು ಎರಡು ದಿನ ಪರಿಶೀಲಿಸಿದರು, ಕಡ್ಡಿರಾಂಪುರದಲ್ಲಿ ಮಿರ್ಚಿಯನ್ನು ಪರಿಶೀಲಿಸಿದರು, ಕಾಲುವೆಯನ್ನು ಮಾವನ ಮನೆಯ ಹೋಳಿಗೆ ಊಟಕ್ಕೆ ಮೊದಲು ಸ್ವಲ್ಪ ಹೊತ್ತು. ಕಾಲುವೆ ನೀರು ನಿಲ್ಲುವ ವಾರವೇ ಹಣ ಮಂಜೂರಾಯಿತು. ಸಂಡೂರಿನ ಕಂಪ್ಯೂಟರಿನ ಮೇಲಿನ ಬಟ್ಟೆ ಹಾಗೇ ಉಳಿಯಿತು. ನಾನು ಸ್ಟೈಪೆಂಡಿನ ಸಂಶೋಧಕಿಯಾದೆ.

ಕಂಪ್ಯೂಟರಿನಲ್ಲಿ ನೀರು ಹಂಚುವ ಲೆಕ್ಕ ಮುಗಿಸಿ ಊರಿಗೆ ಬಂದಾಗ ಮಾವ ಹೆಮ್ಮೆಯಿಂದ ನಾಲ್ಕು ಮಂದಿಯನ್ನು ಕೂರಿಸಿಕೊಂಡು ಕೇಳಿದರು: "ಏನಂತತಿ ಲೇ ನಿನ್ನ ಮಿಷಿನ್ನು?"

"ತೂಬಿನ ಬಾಯಿಗೆ ಇರೋರು ಕಬ್ಬು, ಭತ್ತ ಕಡಿಮಿ ಮಾಡಿ ಜ್ವಾಳ ಹಾಕ್ಬೇಕಂತ, ಮಾವ. ಆಗ ಕೊನೀತನ ನೀರು ಹೋಗ್ತತಂತ."

"ನನ್ನ ಬೆಲ್ಲ ತಿಂದು ನನ್ನ ನೀರಿಗೇ ಕೈ ಹಾಕೀರೇನು, ಗುರು-ಶಿಷ್ಯರು ಕೂಡಿ?" ಎಂದರು ಮಾವ. ನಾಲ್ವರೂ ನಕ್ಕರು. ಅವರಲ್ಲೊಬ್ಬ ಕಾಲುವೆ ಕೊನೆಯವನು. ಅವನ ನಗು ಸ್ವಲ್ಪ ತಡವಾಗಿ ನಿಂತಿತು.

ಮುಂದಿನ ಬೆಳೆಗೆ ಮಾವ ಒಂದು ಪಾಳಿಯ ನೀರನ್ನು ತಾವಾಗಿಯೇ ಕೊನೆಯವರಿಗೆ ಬಿಟ್ಟುಕೊಟ್ಟರೆಂದು ನನ್ನ ನೆನಪು. ಲಸ್ಕರ್‌ನ ಎದುರು ನಿಂತು ತಮ್ಮ ತೂಬಿನ ಬಾಗಿಲು ಇಳಿಸಿದ್ದು ಕಣ್ಣಿಗೆ ಕಟ್ಟಿದಂತಿದೆ. ಅವ್ವನನ್ನು ಕೇಳಿದರೆ, "ಅವನೆಲ್ಲಿ ಬಿಟ್ಟ? ಬಾಗಿಲು ತುಕ್ಕು ಹಿಡಿದು ಮ್ಯಾಲೇಳಲಿಲ್ಲ ಅಷ್ಟ" ಎನ್ನುತ್ತಿದ್ದಳು. ನನ್ನ ಪ್ರಬಂಧಕ್ಕೆ ಫಲ ಸಿಗಲೆಂಬ ಆಸೆಗೆ ನಾನೇ ಆ ಚಿತ್ರ ಬಿಡಿಸಿಕೊಂಡೆನೋ ಏನೋ. ಪ್ರಬಂಧವಂತೂ ಕಪ್ಪು ರಟ್ಟು ಹೊದ್ದು ಕಪಾಟು ಸೇರಿತು. ಅದು ಹೇಳಿದಂತೆ ನೀರು ಹರಿದದ್ದನ್ನು ನಾನು ಕಾಣೆ.

ಬೆಲ್ಲದ ವಾಸನೆ ಇನ್ನೂ ಬಾಗಿಲಲ್ಲೇ ಇತ್ತು. ಓದುಗರೇ, ನಿಮಗೆ ಒಂದು ಮಾತು ಹೇಳಿಲ್ಲ. ನನ್ನ ಬಳಿ ಸೀಟೂ ಇತ್ತು, ಅದಕ್ಕೆ ಹಣವೂ ಬಂದಿತ್ತು. ಕಂಪ್ಲಿಯ ಈ ಹುಡುಗಿ ಸಾಕಷ್ಟು ಜಾಣೆಯೇ. ಆದರೆ ದೊಡ್ಡ ಊರಿನಿಂದ ಇನ್ನೂ ಒಳ್ಳೆಯವರು ಬರಬಹುದು, ಇರಲಿ ಬಿಡು, ಬೇಕಾದೀತು ಎಂದು ತಡೆದಿಟ್ಟಿದ್ದೆ.

ಹೊರಗೆ ಹೋಗಿ ಬೆಂಚಿನ ಮೇಲೆ ಅವರ ಪಕ್ಕ ಕೂತೆ. ಅವರು ಗಡಬಡಿಸಿ ಎದ್ದರು.

"ಕುಂದ್ರಿ. ಚಹಾ ಕೊಟ್ರೇನ್ರಿ?"

"ಚಾ ಭಾಳ ಕುಡಿದೆನ್ರಿ ಮೇಡಮ್ಮಾರೆ," ಎಂದರು, ಗಂಟನ್ನು ಇನ್ನೂ ಕೊಡದೆ. "ಹೋದ ಸಲಾನೂ ಭಾಳ ಚಲೋ ಚಾ ಕೊಟ್ಟಿದ್ರಿ."

ಮಾವನ ಮಜ್ಜಿಗೆಯ ಹುಳಿ ನಾಲಿಗೆಗೆ ಬಂತು.

"ಮಗಳನ್ನ ಸೋಮವಾರ ಕಳಸ್ರಿ," ಎಂದೆ. "ಸೀಟು ಐತಿ. ಸ್ಟೈಪೆಂಡೂ ಐತಿ."

ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು, ಕಾಲುವೆಯಲ್ಲಿ ನೀರು ಬಂತೆಂದರೆ ನಂಬದೆ ಬದುವಿನ ತನಕ ನಡೆದುಬಂದು ನೋಡುವವರ ಹಾಗೆ. ಆಮೇಲೆ ಬೆಲ್ಲದ ಗಂಟನ್ನು ನನ್ನ ಕೈಗಿಡದೆ ಕಂಕುಳಿಗೇರಿಸಿದರು.

"ಬೆಲ್ಲಾನ ಸೋಮವಾರ ಆಕಿ ಕೈಲೇ ಕಳಸ್ತೀನ್ರಿ," ಎಂದರು.