ಮುಚ್ಚಳದ ಒಳಗಿನ ತಾರೀಕು

ಟೈಲರಕ್ಕನ ಕಣ್ಣು ಸಾಮಾನ್ಯದ್ದಲ್ಲ. ರಸ್ತೆಯ ಆಚೆ ಬದಿಯಲ್ಲಿ ಹೋಗುವ ಅಂಗಿಯ ಕಾಜಾ ನೋಡಿ, ಅದು ಯಾರ ಕೈಯ ಹೊಲಿಗೆ ಎಂದು ಹೇಳಿಬಿಡುವವಳು. ಅಂಥವಳು ವಾಚು ರಿಪೇರಿ ಅಂಗಡಿಯ ಗಾಜಿನ ಮೇಜಿನ ಮುಂದೆ ಕಕ್ಕಾಬಿಕ್ಕಿಯಾಗಿ ನಿಂತಿದ್ದಳು. ಮುಂದೆ ಎರಡು ವಾಚು, ಥೇಟ್ ಅವಳಿಜವಳಿ. ತನ್ನದು ಯಾವುದೆಂದು ಅವಳಿಗೆ ಗೊತ್ತಾಗುತ್ತಿಲ್ಲ.

ತನ್ನದೆಂದರೆ, ಗಂಡ ಮದುವೆಯ ದಿನ ಕೈಗೆ ಕಟ್ಟಿದ್ದು. "ಅಂಗಡೀಲಿ ನನ್ನ ಮುಂದೆನೇ ಡಬ್ಬಿ ಒಡೆದು ಕೊಟ್ರು ಕಣೇ, ಹೊಚ್ಚ ಹೊಸದು" ಎಂದಿದ್ದ. ಅವನು ತೀರಿಕೊಂಡು ನಾಲ್ಕು ವರ್ಷ. ಅವನದೆಂದು ಮೈಗೆ ತಾಗಿಕೊಂಡು ಉಳಿದದ್ದು ಇದೊಂದೇ. ಮುಳ್ಳು ನಿಂತು ನಿಂತು ಓಡತೊಡಗಿದ ಮೇಲೆ, ಒಲ್ಲದ ಮನಸ್ಸಿನಿಂದ ಹೋದ ವಾರ ಸರ್ವೀಸಿಗೆ ಕೊಟ್ಟಿದ್ದಳು.

ರಿಪೇರಿಯವನು ಒಳ್ಳೆಯವನೇ. ಅವನ ಒಳ್ಳೆಯತನವೇ ಎಡವಟ್ಟು ಮಾಡಿತ್ತು. ಅದೇ ವಾರ ಬಂದ ಅದೇ ಥರದ ಇನ್ನೊಂದನ್ನೂ ಜೊತೆಗೇ ಬಿಚ್ಚಿ, ಎರಡಕ್ಕೂ ಹೊಸ ಗಾಜು, ಹೊಸ ಪಟ್ಟಿ ಹಾಕಿ ಮಿರಮಿರ ಮಿಂಚುವಂತೆ ಉಜ್ಜಿಟ್ಟಿದ್ದ. ಹೆಸರು ಬರೆದ ಚೀಟಿಗಳು ಹಳೆಯ ಪಟ್ಟಿಗಳ ಜೊತೆ ಕಸಕ್ಕೆ ಹೋಗಿದ್ದವು.

"ಮದುವೆ ದಿನ ನಮ್ಮ ಯಜಮಾನ್ರು ಹೊಸದು ಅಂತ ಹೇಳಿ ಕಟ್ಟಿದ್ದು. ಗಾಜಿನ ಮೇಲೆ ಒಂದು ಗೀರಿತ್ತು. ಈಗ ಅದನ್ನೆಲ್ಲಿ ಹುಡುಕ್ಲಿ?" ಎಂದಳು.

"ತಾಳಿ ಅಕ್ಕ." ಅವನು ಎರಡರ ಹಿಂದಿನ ಮುಚ್ಚಳವನ್ನೂ ತೆಗೆದ. "ಸರ್ವೀಸ್ ಮಾಡ್ದೋರು ಒಳಗಡೆ ಸೂಜೀಲಿ ತಾರೀಕು ಕೆತ್ತಿರ್ತಾರೆ. ಮದುವೆಯಾಗಿ ಎಷ್ಟು ವರ್ಷ ಆಯ್ತು?"

"ಇಪ್ಪತ್ತೆರಡು. ಇಷ್ಟು ದಿನ ಯಾರ ಕೈಗೂ ಕೊಟ್ಟಿಲ್ಲ."

"ಹಾಗಾದ್ರೆ ಸಲೀಸು. ಇದರಲ್ಲಿ ಇಪ್ಪತ್ತೆಂಟು ವರ್ಷದ ಹಿಂದಿನ ತಾರೀಕಿದೆ. ಅದರಲ್ಲಿ ಏನೂ ಇಲ್ಲ. ನಿಮ್ಮದು ಹೊಸದಾಗಿ ತಂದಿದ್ದು ಅಂದ್ರೆ ಅದೇ."

ಬದುಕಿದೆ ಎಂದುಕೊಂಡು ಅವಳು ಅದನ್ನೇ ಕೈಗೆ ಕಟ್ಟಿಕೊಂಡು ಹೊರಟಳು. ಅಂಗಡಿಯ ಮೆಟ್ಟಿಲು ಇಳಿಯುವಷ್ಟರಲ್ಲಿ ತಲೆಯೊಳಗೆ ಹುಳ ಹೊಕ್ಕಿತು. ಮದುವೆಯಾದ ಹೊಸದರಲ್ಲಿ ಅವನು "ಹೊಸದು" ಎಂದು ಹೊಲಿಗೆ ಮಿಷನ್ನು ತಂದಿದ್ದ. ಬಾಬಿನ್ ತೆಗೆದರೆ ಅದರಲ್ಲಿ ಯಾರದೋ ಹಸಿರು ನೂಲು. ಅವನ ಮುಖ ಎಷ್ಟು ಹಿಗ್ಗಿತ್ತೆಂದರೆ, ಅವಳು ನೂಲನ್ನು ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡಿದ್ದಳು. ಆಮೇಲೆ ಬಂದ "ಹೊಸ" ಸೈಕಲ್ಲಿಗೆ ಮೂರು ಬಣ್ಣ. ಆ ಪುಣ್ಯಾತ್ಮ ಹೊಸದೆಂದು ತಂದದ್ದರಲ್ಲಿ ಹೊಸದು ಯಾವುದಿತ್ತು?

ವಾಚಿನ ವಿಷಯದಲ್ಲಿ ಮಾತ್ರ ನಿಜ ಹೇಳಿದ್ದನೇ? ಇಲ್ಲ ಇದೂ ಅದೇ ಕಥೆಯೇ? ನಾಳೆ ಇನ್ನೊಬ್ಬರು ಬಂದು ಉಳಿದದ್ದನ್ನು ಒಯ್ದರೆ ಮುಗಿಯಿತು, ಆಮೇಲೆ ಬಾಯಿ ಬಡಿದುಕೊಂಡರೂ ಸಿಗದು. ಅವಳಿಗೆ ಸಿಟ್ಟು ಬಂತು, ಅಳುವೂ ಬಂತು. ಯಾವುದು ಮೊದಲು ಬಂತೋ ಅವಳಿಗೇ ತಿಳಿಯಲಿಲ್ಲ. ಹಿಂದಿರುಗಿ ಕೈಯಲ್ಲಿದ್ದದ್ದನ್ನು ಬಿಚ್ಚಿ ಮೇಜಿನ ಮೇಲಿಟ್ಟಳು.

"ತಾರೀಕು ಇರೋದನ್ನ ಕೊಡಿ."

"ಅಕ್ಕ, ಅದು ಸೆಕೆಂಡ್ ಹ್ಯಾಂಡ್ ಮಾಲು. ನಿಮ್ಮ ಯಜಮಾನ್ರು ಹೊಸದು ಅಂತ ಹೇಳಿದ್ರು ಅಂದ್ರಲ್ಲ?"

"ಹೇಳಿದ್ರು" ಎಂದಳು ಟೈಲರಕ್ಕ, ಕೈ ಮುಂದೆ ಚಾಚುತ್ತ. "ಅದಕ್ಕೇ ಹೇಳ್ತಿರೋದು, ಅದು ಅವರದೇ."